ಕೇಳಿಸಿದವರು ಸುಮ್ಮನಿರಿ

ನಮ್ಮ ಜನಕ್ಕೆ ಮರ್ಯಾದೆ ಜಾಸ್ತಿ. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಆದರೆ ನಾನು ಹಾಪಾಯಿ ದ್ವೀಪಗಳ ದೊಡ್ಡ ಊರು ಪಾಂಗಾಯಿಯ ರೇಡಿಯೊ ಕೋಣೆಗೆ ಕೆಲಸಕ್ಕೆ ಬಂದ ಹೊಸದರಲ್ಲಿ ಇದೇ ಮರ್ಯಾದೆ ನನ್ನ ಜೀವ ಹಿಂಡುತ್ತಿತ್ತು. ಟೋಂಗಾದಲ್ಲಿ ನಾಲ್ಕು ಜನ ಸೇರಿದ ಕಡೆ ಬಾಯಿ ಬಿಡಬೇಕಾದರೆ ಮೊದಲು ಫಕತಪು ಹೇಳಬೇಕು. ದೇವರಿಗೆ, ರಾಜರಿಗೆ, ಕುಳಿತಿರುವ ದೊರೆಗಳಿಗೆ, ಪಾದ್ರಿಗಳಿಗೆ, ಊರಿಗೆ, ಮನೆತನಕ್ಕೆ, ಒಬ್ಬೊಬ್ಬರ ಹೆಸರೆತ್ತಿ ವಂದಿಸಿ, ಮಾತಾಡಲು ಅಪ್ಪಣೆ ಬೇಡಿ, ಆಮೇಲೆ ಮಾತು. ಬಂದ ವಂದನೆಗೆ ತಿರುಗಿ ವಂದಿಸದವನನ್ನು ಹಂದಿಯ ಜೊತೆ ಕಟ್ಟಿಹಾಕಬೇಕು ಅನ್ನುತ್ತಾರೆ. ಚಾಪೆಯ ಮೇಲೆ ಕುಳಿತು ಕಾವಾ ಬೇರಿನ ರಸ ಕುಡಿಯುವಾಗ ಇದೆಲ್ಲ ಬಹಳ ಚೆಂದ.

ರೇಡಿಯೊದಲ್ಲಿ ಚೆಂದವಿಲ್ಲ. ಹಾಪಾಯಿಯ ಅಷ್ಟೂ ದ್ವೀಪಗಳಿಗೆ ಆಗ ಇದ್ದದ್ದು ಒಂದೇ ದಾರಿ. ಊರಿಗೊಂದು ಸೆಟ್ಟು, ಅದಕ್ಕೊಂದು ಲಾರಿ ಬ್ಯಾಟರಿ. ಒಬ್ಬರು ಗುಂಡಿ ಒತ್ತಿ ಮಾತಾಡಿದರೆ ಉಳಿದವರೆಲ್ಲ ಕೇಳಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಯಾರದ್ದೂ ಕೇಳಿಸುವುದಿಲ್ಲ, ಬರೀ ಕರಕರ. ನಾನು "ನಾಳೆ ಗಾಳಿ ಜೋರು, ದೋಣಿ ಇಳಿಸಬೇಡಿ, ಕೇಳಿಸಿತೇ?" ಎಂದು ಕೇಳಿ ಗುಂಡಿ ಬಿಟ್ಟದ್ದೇ ತಡ, ಎಲ್ಲ ದ್ವೀಪಗಳೂ ಒಟ್ಟಿಗೆ ವಂದಿಸಲು ಶುರು. ಕರಕರ ನಿಂತ ಮೇಲೆ ಗೆದ್ದವನೊಬ್ಬ ಫಕತಪು ಮುಗಿಸಿ, ನನ್ನ ಅಜ್ಜಿಯ ಆರೋಗ್ಯ ವಿಚಾರಿಸಿ, "ಕೇಳಿಸಿತು, ಮಾಲೋ" ಎಂದು ಕೃತಜ್ಞತೆ ಹೇಳುತ್ತಿದ್ದ. ಅವನ ವಂದನೆಗೆ ಉಳಿದವರು ಸುಮ್ಮನಿರಲಾದೀತೇ? ಮತ್ತೆ ಕರಕರ. ಅಷ್ಟರಲ್ಲಿ ನಿಜವಾಗಿ ಅರ್ಧ ಮಾತ್ರ ಕೇಳಿಸಿಕೊಂಡಿದ್ದ ಯಾವುದೋ ಪುಟ್ಟ ದ್ವೀಪದ ಬ್ಯಾಟರಿ ಮುಗಿದಿರುತ್ತಿತ್ತು, ಬೆಳಿಗ್ಗೆ ಅವರ ದೋಣಿ ನೀರಿನಲ್ಲಿರುತ್ತಿತ್ತು.

ತಲೆ ಚಿಟ್ಟುಹಿಡಿದು ಒಂದು ದಿನ ನಾನೊಂದು ಕಟ್ಟಳೆ ಹೊರಡಿಸಿದೆ. ಫಕತಪುವನ್ನು ಬೆಳಿಗ್ಗೆ ಒಂದು ಸಲ ಎಲ್ಲರ ಪರವಾಗಿ ನಾನೇ ಹೇಳುತ್ತೇನೆ. ಆಮೇಲೆ ನಾನು ಹೇಳಿದ್ದು ಕೇಳಿಸಿದವರು ಸುಮ್ಮನಿರಬೇಕು. ಕೇಳಿಸದವರು ಮಾತ್ರ ತಿರುಗಿ ಕೇಳಬೇಕು. ನಿಮಗೆ ಕೇಳಬೇಕಾದದ್ದನ್ನು ಇನ್ನೊಬ್ಬರು ಆಗಲೇ ಕೇಳಿದ್ದರೆ ಬಾಯಿ ಮುಚ್ಚಿಕೊಂಡಿರಿ, ಅವರಿಗೆ ಕೊಟ್ಟ ಉತ್ತರ ನಿಮಗೂ ಸಿಗುತ್ತದೆ. ನಿಮ್ಮ ಮೌನವೇ ನನಗೆ ಮಾಲೋ.

ಯಾರೂ ಸೊಪ್ಪು ಹಾಕಲಿಲ್ಲ. ಎಲ್ಲರಿಗಿಂತ ಮೊದಲು ಮೂಗು ಮುರಿದವನು ಹಾಫೇವಾ ದ್ವೀಪದ ಲೊಅಮಾನು, ನನ್ನ ಸ್ವಂತ ಸೋದರಮಾವ. ದೊರೆಯ ಪರವಾಗಿ ಸಭೆಯಲ್ಲಿ ಮಾತಾಡುವ ಮನೆತನ ಅವನದು. ಅವನ ಫಕತಪು ಕೇಳಲೆಂದೇ ಜನ ಬೇರೆ ದ್ವೀಪಗಳಿಂದ ಮದುವೆಗೆ ಬರುತ್ತಿದ್ದರು.

"ಮೆಲಿಯಾಮೆ," ಎಂದ, ಇಡೀ ಹಾಪಾಯಿ ಕೇಳುತ್ತಿರುವಾಗಲೇ. "ಯಾರಾದ್ರೂ ಮಾತಾಡ್ಸಿದಾಗ ಸುಮ್ನಿರೋರು ಎರಡೇ ಜಾತಿ ಕಣೆ. ಸತ್ತೋರು, ಇಲ್ಲಾ ಬಿಳಿಯೋರು. ನಾನು ಇನ್ನೂ ಯಾವ್ದೂ ಆಗಿಲ್ಲ."

"ಮಾವ, ಇದು ಕಾವಾ ಚಾಪೆ ಅಲ್ಲ."

"ನೀನು ಕೂತಿರೋದು ಕುರ್ಚಿ ಮೇಲೆ, ಅದಕ್ಕೇ ನಿನಗೆ ಹಂಗನ್ಸುತ್ತೆ. ನಾನು ಕೂತಿರೋದು ಚಾಪೆ ಮೇಲೇನೇ." ಹಾಗೆಂದು ಮೊದಲಿನಿಂದ ಫಕತಪು ಶುರುಮಾಡಿದ. ಹಿಂದೆಯೇ ಉಳಿದ ದ್ವೀಪಗಳು. ಲೊಅಮಾನುವೇ ಮಾತಾಡಿದ ಮೇಲೆ ಅವರು ಸುಮ್ಮನಿದ್ದರೆ ಅವನಿಗೆ ಅವಮಾನವಲ್ಲವೇ? ನನಗೆ ಮೈಯೆಲ್ಲ ಉರಿದುಹೋಯಿತು.

ಮುಂದಿನ ಶನಿವಾರ ಸಾಮಾನಿನ ದೋಣಿ ಹತ್ತಿ ಹಾಫೇವಾಕ್ಕೆ ಹೋದೆ. ಕಾವಾ ಮನೆಯಲ್ಲಿ ಊರಿನ ಗಂಡಸರೆಲ್ಲ ವೃತ್ತವಾಗಿ ಕುಳಿತಿದ್ದರು. ನಡುವೆ ಮಾವ, ಸಭೆಯ ಮರ್ಯಾದೆಗೆಂದು ಸೊಂಟಕ್ಕೆ ದೊಡ್ಡ ಹಳೇ ಚಾಪೆ ಸುತ್ತಿಕೊಂಡು. ನಾನು ಬಾಗಿಲಲ್ಲಿ ನಿಂತದ್ದು ಕಂಡು ಒಬ್ಬ ಮುದುಕ, "ಬಂದ್ಲಪ್ಪ ಫಹು. ಲೊಅಮಾನು, ನಿಮ್ ಹಂದಿ ಎಲ್ಲಾದ್ರೂ ಬಚ್ಚಿಡಿ" ಎಂದ. ಎಲ್ಲರೂ ನಕ್ಕರು.

ನಗಬೇಕಾದದ್ದೇ. ನಮ್ಮಲ್ಲಿ ಅಕ್ಕತಂಗಿಯರು ಅಣ್ಣತಮ್ಮಂದಿರಿಗಿಂತ ಒಂದು ಮಣೆ ಮೇಲೆ. ಅವರ ಮಕ್ಕಳು ಸೋದರಮಾವನಿಗೆ ಫಹು. ಮಾವನ ಮನೆಯ ಹಂದಿ, ಗೆಣಸು, ಚಾಪೆ, ಕಣ್ಣಿಗೆ ಬಿದ್ದದ್ದನ್ನು ಎತ್ತಿಕೊಂಡು ಹೋಗಬಹುದು. ಇಲ್ಲ ಅನ್ನುವ ಹಕ್ಕು ಅವನಿಗಿಲ್ಲ. ಚಿಕ್ಕಂದಿನಲ್ಲಿ ನಾನು ಅವನ ಸೈಕಲ್ಲನ್ನೇ ಎತ್ತಿಕೊಂಡು ಹೋಗಿದ್ದೆ.

"ಹಂದಿ ಬೇಡ ಮಾವ," ಎಂದೆ.

"ಮತ್ತೇನು ಬೇಕು? ಮುಖ ನೋಡಿದ್ರೆ ಮನೆ ಮಾಡನ್ನೇ ಕಿತ್ಕೊಂಡು ಹೋಗೋ ಹಂಗಿದೀಯ."

"ನಿನ್ ಮಾತು ಬೇಕು. ರೇಡಿಯೊದಲ್ಲಿ ನೀನು ಆಡೋ ಮಾತು. ಇವತ್ತಿಂದ ಅದು ನನ್ದು."

ಬಟ್ಟಲು ಹಿಡಿದವನ ಕೈ ಹಾಗೇ ನಿಂತಿತು. ಮಾವ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದ.

"ಹಂದಿ ತಗೊಂಡು ಹೋಗೆ," ಎಂದ ಕೊನೆಗೆ. "ಎರಡು ತಗೊಂಡು ಹೋಗು. ದೊಡ್ಡದನ್ನೂ ಸೇರಿಸಿ."

"ಬೇಡ."

"ಮಾತನ್ನೇ ಎತ್ಕೊಂಡು ಹೋಗೋರು ಎಲ್ಲಾದ್ರೂ ಉಂಟೇನೆ?"

"ನಿನ್ ಹತ್ರ ಇರೋದ್ರಲ್ಲಿ ಬೆಲೆಬಾಳೋದು ಅದೊಂದೇ ಮಾವ. ಹಂದಿ ಎಲ್ಲರ ಮನೇಲೂ ಇದೆ."

ನಾನು ಅದನ್ನು ಅವನನ್ನು ಒಲಿಸಲೆಂದು ಆಡಲಿಲ್ಲ, ನಿಜವನ್ನೇ ಆಡಿದೆ. ಮಾವನ ಮುಖ ಸ್ವಲ್ಪ ಸಡಿಲವಾಯಿತು. ಎದ್ದು ನಿಂತು ಚಾಪೆ ಸರಿಮಾಡಿಕೊಂಡ. ಆಮೇಲೆ ಫಕತಪು ಹೇಳಿದ, ನೋಡಿ, ಅಂಥದ್ದನ್ನು ನಾನು ಮುಂಚೆ ಕೇಳಿರಲಿಲ್ಲ. ಸತ್ತ ನನ್ನ ತಾಯಿಯವರೆಗೂ ಹೋಗಿ ವಂದಿಸಿ ಬಂದ. ಕೊನೆಗೆ, "ತಂಗಿ ಮಗಳು ಕೇಳಿದಾಳೆ. ಲೊಅಮಾನು ಮನೆಯೋರು ಇಲ್ಲ ಅಂದಿದ್ದನ್ನ ಯಾರೂ ಕೇಳಿಲ್ಲ. ತಗೋ, ಕೊಟ್ಟೆ" ಎಂದು ಕುಳಿತ. ನನ್ನ ಕಣ್ಣು ತುಂಬಿ ಬಂತು, ಆದರೆ ತೋರಿಸಿಕೊಳ್ಳಲಿಲ್ಲ.

ಸುದ್ದಿ ನನ್ನ ದೋಣಿಗಿಂತ ಮೊದಲೇ ಪಾಂಗಾಯಿ ಮುಟ್ಟಿತ್ತು. ಮರುದಿನ ಹವಾಮಾನ ಹೇಳಿ ಗುಂಡಿ ಬಿಟ್ಟೆ. ಹಾಫೇವಾ ಸುಮ್ಮನಿತ್ತು. ಲೊಅಮಾನುವೇ ಸುಮ್ಮನಿರುವಾಗ ಬಾಯಿ ಬಿಟ್ಟು ಅವನಿಗಿಂತ ದೊಡ್ಡವನೆನಿಸಿಕೊಳ್ಳಲು ಯಾರಿಗೆ ಧೈರ್ಯ? ಹಾಪಾಯಿ ಪೂರ್ತಿ ಗಪ್‌ಚಿಪ್. ಆ ಮೌನದಲ್ಲಿ ಮಾಂಗೋ ದ್ವೀಪದ ಮೆಲುದನಿಯೊಂದು, "ಗಾಳಿ ಯಾವ ಕಡೆಯಿಂದ ಅಂದ್ರಿ? ಸರಿಯಾಗಿ ಕೇಳಿಸಲಿಲ್ಲ" ಎಂದಿತು. ಸೆಟ್ಟುಗಳು ಬಂದ ಅಷ್ಟೂ ವರ್ಷಗಳಲ್ಲಿ ಮಾಂಗೋ ಮಾತಾಡಿದ್ದನ್ನು ನಾವು ಕೇಳಿದ್ದು ಅದೇ ಮೊದಲು.

ಚರ್ಚಿನ ದೊಡ್ಡ ಸಭೆಯ ವಾರ ಅದು. ಹಾಫೇವಾದಿಂದ ಹಾಡುವವರನ್ನು ಹೇರಿಕೊಂಡು ಒಂದು ದೋಣಿ ಪಾಂಗಾಯಿಗೆ ಹೊರಟಿತ್ತು. ನಡೆಸುತ್ತಿದ್ದವನು ಫಾತಾಯಿ, ಮಾವನ ಒಬ್ಬನೇ ಮಗ. ದೋಣಿ ತುಂಬ ಹೆಂಗಸರು, ಕಂಕುಳಲ್ಲಿ ಕೂಸುಗಳು. ಮಧ್ಯಾಹ್ನ ಕಳೆದರೂ ದೋಣಿ ಬರಲಿಲ್ಲ. ಗಾಳಿ ಎದ್ದಿತ್ತು, ಸಮುದ್ರದ ಮೇಲೆ ಮಬ್ಬು ಕವಿದಿತ್ತು.

ಆಗ ದೋಣಿಯಲ್ಲಿದ್ದ ಸಣ್ಣ ಸೆಟ್ಟಿನಿಂದ ಬಂತು ಫಾತಾಯಿಯ ದನಿ, ಸೊಳ್ಳೆಯ ದನಿಯಷ್ಟು. "ಪಾಂಗಾಯಿ... ಇಂಜಿನ್ ಸತ್ತೋಯ್ತು... ಗಾಳಿ ಪಡುವಣಕ್ಕೆ ಎಳೀತಿದೆ... ನೀರು ಒಳಗೆ ಬರ್ತಿದೆ, ಎತ್ತಿ ಹಾಕ್ತಿದೀವಿ... ಎಲ್ಲಿದೀವೋ ಗೊತ್ತಿಲ್ಲ... ಬ್ಯಾಟರಿ ಇಲ್ಲ ಅಕ್ಕ, ಮುಗೀತಾ ಬಂತು."

ಹಿಂದಿನ ಕಾಲವಾಗಿದ್ದರೆ ಎಲ್ಲ ದ್ವೀಪಗಳೂ ಒಟ್ಟಿಗೆ ಗುಂಡಿ ಒತ್ತಿ ಪ್ರಾರ್ಥನೆ ಹೇಳುತ್ತಿದ್ದವು, ಆ ದನಿ ಅದರಡಿ ಹೂತುಹೋಗುತ್ತಿತ್ತು. ನಾನು ಗುಂಡಿ ಒತ್ತಿದೆ.

"ಫಾತಾಯಿ, ಡಬ್ಬದಲ್ಲಿ ಎಣ್ಣೆಬಟ್ಟೆ, ತೆಂಗಿನ ನಾರು ಹಾಕಿ ಹೊಗೆ ಎಬ್ಬಿಸು. ದ್ವೀಪದೋರೆಲ್ಲ ಕೇಳಿ. ಮರ ಹತ್ತಿ, ಗುಡ್ಡ ಹತ್ತಿ, ಹೊಗೆ ನೋಡಿ. ಕಾಣದೋರು ಸುಮ್ನಿರಿ. ಕಂಡೋರು ಒಬ್ರು ಹೇಳಿ. ಒಬ್ರು ಹೇಳಿದ್ಮೇಲೆ ಎರಡನೇ ದನಿ ಬೇಡ. ಯಾರ ದನಿಯೂ ಬೇಡ."

ಗುಂಡಿ ಬಿಟ್ಟೆ. ಸೆಟ್ಟಿನಲ್ಲಿ ಸಣ್ಣ ಗಾಳಿಯ ಸದ್ದು ಮಾತ್ರ. ನನ್ನ ಜನ, ಕೆಮ್ಮಿದರೂ ಅದಕ್ಕೊಂದು ವಂದನೆ ಹೇಳುವ ನನ್ನ ಜನ, ಉಸಿರು ಬಿಗಿಹಿಡಿದು ಕುಳಿತಿದ್ದರು. ಎಲ್ಲ ದ್ವೀಪಗಳಲ್ಲೂ ಆ ದೋಣಿಯಲ್ಲಿರುವವರ ಅಕ್ಕನೋ ಅತ್ತೆಯೋ ಇದ್ದೇ ಇದ್ದರು. ಒಬ್ಬರೂ ಗುಂಡಿ ಮುಟ್ಟಲಿಲ್ಲ. ಆ ಹೊತ್ತು ನನಗಾದ ಹೆಮ್ಮೆಗೆ ಮಾತಿಲ್ಲ.

ಆಗ ಮತ್ತೆ ಫಾತಾಯಿಯ ದನಿ ಬಂತು. ಈ ಸಲ ನನ್ನನ್ನು ಕರೆಯಲಿಲ್ಲ.

"ಅಪ್ಪ... ಅಪ್ಪ, ಕೇಳಿಸ್ತಾ ಇದೆಯಾ?"

ಮಾವ ಹಾಫೇವಾದ ಸೆಟ್ಟಿನ ಮುಂದೆಯೇ ಇದ್ದಾನೆಂದು ನನಗೆ ಗೊತ್ತಿತ್ತು. ಅವನು ಈಗ ಗುಂಡಿ ಒತ್ತಿದರೆ ಅದೇ ಗಳಿಗೆಯಲ್ಲಿ ಎಲ್ಲಿಂದಲೋ ಬರುವ 'ಕಂಡಿತು' ಕಳೆದುಹೋಗುತ್ತದೆ. ಒತ್ತದಿದ್ದರೆ ಮಗನ ಕೊನೆಯ ಮಾತಿಗೆ ಅಪ್ಪ ಉತ್ತರ ಕೊಡದೆ ಹೋದಂತಾಗಬಹುದು. ಮಾವ, ಬೇಡ ಮಾವ, ಎಂದುಕೊಂಡೆ. ಹಾಗೆಯೇ, ಉತ್ತರ ಕೊಟ್ಟುಬಿಡು ಎಂದೂ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

ಸೆಟ್ಟು ಸುಮ್ಮನಿತ್ತು. ಇನ್ನೂ ಸುಮ್ಮನಿತ್ತು.

"ಕಂಡಿತು." ಹೆಂಗಸಿನ ದನಿ. ಕೊತು ದ್ವೀಪದ ತೆಲೆಸಿಯಾ, ಯಾವತ್ತೂ ದನಿ ಎತ್ತಿದವಳಲ್ಲ. "ಕೊತು. ಹೊಗೆ. ತೋಫುವಾ ಬೆಟ್ಟದ ಬಲಕ್ಕೆ, ಈಚೆ ಕಡೆ." ದೇವರಿಗೆ ವಂದನೆಯಿಲ್ಲ, ರಾಜರಿಗಿಲ್ಲ, ನನಗಿಲ್ಲ. ನಾನು ಕೇಳಿದ ಮಾತುಗಳಲ್ಲೇ ಅದಕ್ಕಿಂತ ಮರ್ಯಾದೆಯ ಮಾತು ಇನ್ನೊಂದಿಲ್ಲ.

"ಟುಂಗುವಾ, ನಿಮ್ಮ ದೊಡ್ಡ ದೋಣಿ ಹೊರಡಲಿ. ತೋಫುವಾದ ಬಲಕ್ಕೆ," ಎಂದೆ.

ಟುಂಗುವಾ ದ್ವೀಪ ಉತ್ತರ ಕೊಡಲಿಲ್ಲ. ಕೊಡಬಾರದೆಂದು ಕಟ್ಟಳೆ ಮಾಡಿದವಳು ನಾನೇ. ಹೊರಟರೋ, ಇಂಜಿನ್ ಕೆಟ್ಟಿದೆಯೋ, ಸೆಟ್ಟೇ ಸತ್ತಿದೆಯೋ? ಬಾಯಿಗೆ ಬಂದ 'ಕೇಳಿಸಿತೇ' ಎಂಬ ಮಾತನ್ನು ನುಂಗಿಕೊಂಡು ಕುಳಿತೆ. ನನ್ನ ಕಟ್ಟಳೆ ಎಂಥ ಕಟುಕ ಕಟ್ಟಳೆ ಎಂದು ಅವತ್ತು ನನಗೂ ತಿಳಿಯಿತು. ಫಾತಾಯಿಯ ಸೆಟ್ಟಿನಿಂದ ಮತ್ತೆ ಸದ್ದು ಬರಲಿಲ್ಲ.

ಹೊತ್ತು ಮುಳುಗುವ ಮುಂಚೆ ಟುಂಗುವಾ ಬಾಯಿ ಬಿಟ್ಟಿತು. "ಎಲ್ರೂ ಸಿಕ್ಕಿದ್ರು. ಕೂಸುಗಳೂ ಚೆನ್ನಾಗಿವೆ. ಹಾಡ್ಕೊಂಡು ಬರ್ತಿದಾರೆ." ನಾನು ಮೇಜಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, "ಈಗ ಯಾರು ಬೇಕಾದ್ರೂ ಮಾತಾಡಿ" ಎಂದೆ. ಅಯ್ಯೋ, ಆ ಕರಕರ. ಸೆಟ್ಟು ಒಡೆದುಹೋಗುವಂತೆ ವಂದಿಸಿದರು. ನಾನು ಯಾರನ್ನೂ ತಡೆಯಲಿಲ್ಲ.

ಭಾನುವಾರ ಹಾಫೇವಾದ ಮಾವನ ಮನೆಯಲ್ಲಿ ನೆಲದೊಲೆಯಿಂದ ಹಂದಿ, ಗೆಣಸು ತೆಗೆದು ಎಲ್ಲರಿಗೂ ಬಡಿಸಿದರು. ಅತ್ತೆ ವಿಕಾ ನನ್ನ ಪಕ್ಕ ಕುಳಿತು ಸಣ್ಣ ದನಿಯಲ್ಲಿ ಹೇಳಿದಳು. "ಹುಡುಗ 'ಅಪ್ಪ' ಅಂದಾಗ ನಿನ್ ಮಾವ ಮೈಕ್ ಹಿಡಿದಿದ್ದ ಕೈನ ಇನ್ನೊಂದ್ ಕೈಯಲ್ಲಿ ಹಿಡ್ಕೊಂಡ ಕಣೆ. ನಾನೇ ಕಿತ್ಕೊಳಕ್ಕೆ ಹೋದೆ. 'ಉತ್ತರ ಕೊಡೋ, ನಿಂಗೆ ಕರುಳಿಲ್ವಾ' ಅಂತ ಬೈದೆ. 'ಮಾತು ನನ್ದಲ್ಲ, ಮೆಲಿಯಾಮೆದು' ಅಂದ. ಆಮೇಲೆ ನಮ್ ತೆಂಗಿನ ಮರದ ಮೇಲಿದ್ದೋರೂ ಹೊಗೆ ಕಂಡಿತು ಅಂತ ಕೂಗಿದ್ರು. ಅಷ್ಟರಲ್ಲಿ ಕೊತು ಹೇಳಿ ಆಗಿತ್ತು. ಆಗ್ಲೂ ಸುಮ್ನಿದ್ದ. ತುಟಿ ಕಚ್ಚಿ ರಕ್ತ ಬಂದಿತ್ತು."

ನಾನು ಕೈಯಲ್ಲಿದ್ದ ಗೆಣಸನ್ನು ಎಲೆಯ ಮೇಲಿಟ್ಟೆ. ಫಾತಾಯಿ ಎದುರಿಗೇ ಕುಳಿತು ಹಂದಿಯ ತೊಗಲು ಕಚ್ಚುತ್ತಿದ್ದ. ಅವನನ್ನು ಕೇಳಲೇಬೇಕಾಯಿತು.

"ಫಾತಾಯಿ, ಅವತ್ತು ಅಪ್ಪ ಉತ್ತರ ಕೊಡದೆ ಇದ್ದಾಗ ನಿಂಗೆ ಏನನ್ನಿಸ್ತೋ?"

ಅವನು ಪೆಕರನಂತೆ ನನ್ನ ಮುಖ ನೋಡಿದ, ಇದೇನು ಕೇಳುತ್ತಾಳೆ ಎಂಬಂತೆ.

"ಇನ್ನೇನನ್ನಿಸುತ್ತೆ ಅಕ್ಕ? ಕೇಳಿಸದೆ ಇದ್ದಿದ್ರೆ ಕೇಳಿಸಲಿಲ್ಲ ಅಂತ ಹೇಳ್ತಿದ್ದ. ಸದ್ದೇ ಬರ್ಲಿಲ್ಲ. ಹಂಗಾಗಿ ದೋಣೀಲಿ ಎಲ್ಲರಿಗೂ ಹೇಳ್ದೆ, ಅಪ್ಪ ಕೇಳಿಸ್ಕೊಂಡ, ಇನ್ನು ಬರ್ತಾರೆ, ನೀರು ಎತ್ತಿ ಹಾಕ್ತಾ ಇರಿ ಅಂತ."

ಮಾತಿನ ಸರದಾರ ನನ್ನ ಮಾವ ತನ್ನ ಎಲೆಯ ಮೇಲಿದ್ದ ಮಾಂಸದ ತುಂಡನ್ನು ಎತ್ತಿ ಮಗನ ಎಲೆಗೆ ಹಾಕಿ, ಅವನ ಬೆನ್ನ ಮೇಲೆ ಕೈಯಿಟ್ಟು ಕುಳಿತ.