ಬಡ್ಡಿಯಿಲ್ಲದ ಪಾಲಿನ ಮಗ್ಗ

ಇದು ಎಂಬತ್ತಾರನೇ ಇಸವಿಯ ಮಾತು. ರಬಕವಿಯ ದಾವಲಬಿ ಹನ್ನೊಂದು ವರ್ಷ ಬೇರೆಯವರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಒಂಬತ್ತು ಸಾವಿರ ರೂಪಾಯಿ ಉಳಿಸಿದ್ದಳು. ಬಡ್ಡಿ ತಿನ್ನುವುದು ಧರ್ಮದಲ್ಲಿ ನಿಷಿದ್ಧವೆಂದು ದುಡ್ಡನ್ನು ಬ್ಯಾಂಕಿಗೆ ಹಾಕದೆ ಟ್ರಂಕಿನಲ್ಲೇ ಇಟ್ಟಿದ್ದಳು. ತನ್ನದೇ ಒಂದು ಮಗ್ಗ ಬೇಕೆಂಬುದು ಅವಳ ಆಸೆ.

ಒಂದು ದಿನ ಕಂಪನಿಯೊಂದರ ಏಜೆಂಟ ಮನೆಗೆ ಬಂದ. "ನಮ್ಮದು ಇಸ್ಲಾಮಿ ಕಂಪನಿರಿ. ತಿಂಗಳಾ ನೂರಕ್ಕ ಮೂರು ರೂಪಾಯಿ ಲಾಭ ಖಾಯಂ. ಲುಕ್ಸಾನದ ಮಾತ ಇಲ್ಲ."

ಗಂಡ ಲಾಡ್ಲೇಸಾಬ ಹಿಗ್ಗಿದ. ದಾವಲಬಿ ಮಾತ್ರ ಓಣಿಯ ಗೌಸ ಮಾಸ್ತರರನ್ನು ಕೇಳಲು ಹೋದಳು.

"ವ್ಯಾಪಾರ ಅಂದಮ್ಯಾಲ ಲಾಭಾನೂ ಐತಿ, ಲುಕ್ಸಾನೂ ಐತಿ ನೋಡವಾ," ಎಂದರು ಮಾಸ್ತರರು. "ಇಷ್ಟ ಕೊಡತೇವಿ ಅಂತ ಮೊದಲ ಗಟ್ಟಿ ಮಾಡಿದ್ರ ಅದು ಬಡ್ಡಿನ, ಹೆಸರಷ್ಟ ಬ್ಯಾರೆ. ರೊಕ್ಕ ಯಾವ ಧಂದೆಕ್ಕ ಹಾಕತಾರ, ಲೆಕ್ಕ ಯಾರು ತಪಾಸ ಮಾಡತಾರ, ಕೇಳು."

ಏಜೆಂಟ ಮತ್ತೆ ಬಂದಾಗ ಅವಳು ಅದನ್ನೇ ಕೇಳಿದಳು.

"ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?"

"ನಂಬಿಕಿ ಐತ್ರಿ. ಲೆಕ್ಕದ ಕಾಗದ ತೋರಸ್ರಿ."

ಅವನು ಚಹಾ ಕುಡಿಯದೇ ಎದ್ದುಹೋದ.

ಮರುವಾರ ಗಂಡ ಹೆಂಡತಿ ಜಮಖಂಡಿಯ ಬಡ್ಡಿರಹಿತ ಸೊಸೈಟಿಗೆ ಹೋದರು. ಕಾರ್ಯದರ್ಶಿ ನೋಂದಣಿ ಪತ್ರ, ಆಡಿಟ್ ವರದಿ ಎರಡನ್ನೂ ಕೇಳುವ ಮೊದಲೇ ಮುಂದಿಟ್ಟರು. "ಮಗ್ಗಕ್ಕ ಅರ್ಧ ರೊಕ್ಕ ನಿಮ್ಮದು, ಅರ್ಧ ನಮ್ಮದು. ಲಾಭ ಬಂದ್ರ ಹಂಚಿಕೊಳ್ಳೋಣು. ಲುಕ್ಸಾನ ಆದ್ರ ಇಬ್ರೂ ಹೊರೋಣು."

ಹೊರಗೆ ಬಂದು ಲಾಡ್ಲೇಸಾಬ ಸಿಟ್ಟಾದ. "ಲಾಭ ಕೊಡತೀನಿ ಅಂದಾಂವನ್ನ ಬಿಟ್ಟು, ಲುಕ್ಸಾನ ಆದೀತು ಅನ್ನಾವ್ರಿಗೆ ರೊಕ್ಕ ಕೊಡತಿ?"

"ಖರೆ ಹೇಳಿದವರು ಇವರ. ಅದಕ್ಕ ಕೊಡತೀನ್ರಿ."

ಮಗ್ಗ ಬಂತು, ಇಬ್ಬರೂ ಸೀರೆ ನೇಯತೊಡಗಿದರು. ಮೊದಲ ವರ್ಷವೇ ನೂಲಿನ ದರ ಏರಿ ಎಂಟು ನೂರು ರೂಪಾಯಿ ಲುಕ್ಸಾನಾಯಿತು. ಲಾಡ್ಲೇಸಾಬ ಅಂಜುತ್ತಲೇ ಸೊಸೈಟಿಗೆ ಹೋದ. ಅವರು ನಾಲ್ಕು ನೂರನ್ನು ತಮ್ಮ ಪಾಲಿಗೆ ಬರೆದುಕೊಂಡು, "ಮುಂದಿನ ನೂಲು ಯಾವಾಗ ತರೋಣ್ರಿ?" ಎಂದರು, ಅಷ್ಟೇ. ವಾಪಸ್ ಬರುವಾಗ ಅವನು ದಾರಿಯಲ್ಲಿದ್ದ ಆ ಏಜೆಂಟನ ಕಂಪನಿಯ ಕಚೇರಿ ನೋಡಿದ. ಬೀಗ ಬಿದ್ದಿತ್ತು. ದುಡ್ಡು ಕಟ್ಟಿದ ರಸೀದಿ ಹಿಡಿದ ಜನ ಮೆಟ್ಟಿಲ ಮೇಲೆ ಕೂತಿದ್ದರು. ಮನೆಗೆ ಬಂದವನೇ ಹೆಂಡತಿಗೆ ಎಲ್ಲ ಹೇಳಿದ. "ನೀ ಕೇಳಿದ್ದಕ್ಕ ಉಳಿದಿವಿ," ಎಂದ.

ಮುಂದಿನ ಮೂರು ವರ್ಷ ಸೀರೆ ಚೆನ್ನಾಗಿ ಮಾರಾಟವಾದವು. ತನ್ನ ಪಾಲಿನ ಲಾಭದಿಂದಲೇ ದಾವಲಬಿ ಮಗ್ಗದಲ್ಲಿದ್ದ ಸೊಸೈಟಿಯ ಅರ್ಧ ಪಾಲನ್ನೂ ಕೊಂಡಳು. ಮಗ್ಗ ಪೂರ್ತಿ ಅವಳದಾಯಿತು. ಅಂದು ಲಾಡ್ಲೇಸಾಬ ಓಣಿಗೆಲ್ಲ ಪೇಢೆ ಹಂಚಿದ.

ಅಕ್ಕಂದಿರೇ, ಅಣ್ಣಂದಿರೇ, ಬೋರ್ಡಿನ ಹೆಸರು ನೋಡಿ ದುಡ್ಡು ಕೊಡಬೇಡಿ. ನಿಮ್ಮ ಹಣ ಎಲ್ಲಿ ದುಡಿಯುತ್ತದೆ, ನಷ್ಟವಾದರೆ ಹೊರುವವರು ಯಾರು ಎಂದು ಕೇಳಿರಿ, ನೋಂದಣಿ ಮತ್ತು ಆಡಿಟ್ ಕಾಗದ ನೋಡಿರಿ. ಕೇಳಲು ನಾಚಬೇಡಿ, ಅದು ನಿಮ್ಮ ಬೆವರಿನ ದುಡ್ಡು.