ಹಿಮ್ಮಡಿಯ ಒಂದು ಹನಿ

“ನಮ್ಮ ಮೊಮ್ಮಗಳು ಅಳೂದೇ ಇಲ್ರಿ ಡಾಕ್ಟರಮ್ಮ. ಹಾಲು ಕುಡಿಸಿ ಹಾಕಿದ್ರ ಎಬ್ಬಿಸೋತನಕ ಮಲಗ್ತಾಳ. ಭಾಳ ಶ್ಯಾಣ್ಯಾಕಿ.”

ದೋರನಹಳ್ಳಿಯ ಹಣಮಮ್ಮ ಹೀಗೆ ಹೇಳಿದಾಗ, ಶಹಾಪುರದ ಆ ಸಣ್ಣ ದವಾಖಾನೆಯಲ್ಲಿ ಕುಳಿತಿದ್ದ ಬೇರೆ ತಾಯಂದಿರು ಕೂಸಿನ ಕಡೆ ಆಸೆಯಿಂದ ನೋಡಿದರು. ಮಕ್ಕಳ ಡಾಕ್ಟರು ಖುರ್ಷೀದಬೇಗಂ ಮಾತ್ರ ನಗಲಿಲ್ಲ. ಕೂಸನ್ನು ಮಡಿಲಿಗೆ ತೆಗೆದುಕೊಂಡರು. ಹುಟ್ಟಿ ಎರಡು ವಾರವಾಗುತ್ತ ಬಂದಿದ್ದರೂ ಮೈಯ ಹಳದಿ ಇಳಿದಿರಲಿಲ್ಲ. ಹೊಕ್ಕುಳು ಉಬ್ಬಿತ್ತು, ಕೈಕಾಲು ತಣ್ಣಗಿದ್ದವು. ಹೈದರಾಬಾದಿನಿಂದ ಬಂದ ರಕ್ತದ ವರದಿಯೂ ಕೂಸಿಗೆ ಜಡ್ಡಿದೆ ಎಂದೇ ಹೇಳಿತ್ತು.

ಆಗ ಕಾಲುವೆಗೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ನಿಂತಿತ್ತು. ದವಾಖಾನೆ ತುಂಬ ಚಳಿಜ್ವರದವರು, ಭೇದಿಯವರು. ಅಂಥ ಗದ್ದಲದಲ್ಲೂ ಖುರ್ಷೀದಬೇಗಂ ಅಲ್ಲಿ ಹುಟ್ಟಿದ ಪ್ರತಿ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ, ಹನಿ ರಕ್ತವನ್ನು ದಪ್ಪ ಕಾಗದದ ಮೇಲೆ ಇಳಿಸಿ, ಒಣಗಿಸಿ, ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಸುತ್ತಮುತ್ತ ಬೇರೆ ಯಾರೂ ಈ ಕೆಲಸಕ್ಕೆ ಕೈ ಹಾಕಿರಲಿಲ್ಲ.

“ಇದ್ದ ರೋಗಕ್ಕ ಹೊತ್ತು ಸಾಲವಲ್ದು, ನೀವು ಕಾಣದ ರೋಗ ಹುಡುಕಾಕತ್ತೀರಿ” ಎಂದು ಜೊತೆಯ ಡಾಕ್ಟರು ನಗುತ್ತಿದ್ದರು. ಊರಿನವರು ‘ಸೂಜಿ ಡಾಕ್ಟರಮ್ಮ’ ಎಂದು ಹೆಸರಿಟ್ಟಿದ್ದರು. ಅವರು ಬರುವುದು ಕಂಡರೆ ಬಾಣಂತಿಯರು ಕೂಸಿನ ಕಾಲನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದರು. ಡಾಕ್ಟರಮ್ಮ ಯಾರ ಮದುವೆಗೂ ಹೋದವರಲ್ಲ, ತಮ್ಮ ಮನೆಗೆ ಯಾರನ್ನೂ ಕರೆದವರಲ್ಲ. ಅವರ ಬಾಗಿಲು ಸದಾ ಮುಚ್ಚಿರುತ್ತಿತ್ತು. ಓದಿದ ಸೊಕ್ಕು ಎಂದು ಓಣಿಯವರು ಮಾತಾಡಿಕೊಳ್ಳುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು.

“ಅಮ್ಮ, ಈಕಿ ಅಳದೇ ಇರೋದು ಶ್ಯಾಣ್ಯಾತನ ಅಲ್ಲ” ಎಂದು ಅವರು ಹಣಮಮ್ಮನಿಗೆ ಮೆಲ್ಲಗೆ ಹೇಳಿದರು. “ಕುತ್ತಿಗ್ಯಾಗ ಥೈರಾಯ್ಡ್ ಅಂತ ಒಂದು ಗ್ರಂಥಿ ಇರ್ತದ. ಅದರ ರಸ ಈಕಿಗಿ ಸಾಲವಲ್ದು. ಆ ರಸ ಇಲ್ಲಂದ್ರ ಮೆದುಳು ಬೆಳೆಯಂಗಿಲ್ಲ. ದಿನಾ ಒಂದು ಸಣ್ಣ ಗುಳಗಿ ಕೊಟ್ರ ಎಲ್ಲಾ ಹುಡುಗರಂಗ ಬೆಳೀತಾಳ. ತಡ ಮಾಡಿದ್ರ ಹೋದದ್ದು ತಿರುಗಿ ಬರಂಗಿಲ್ಲ.”

“ಜ್ವರಿಲ್ಲ, ಕೆಮ್ಮಿಲ್ಲ. ಜಡ್ಡಿಲ್ಲದ ಕೂಸಿಗಿ ಗುಳಗಿ ಯಾಕ್ರಿ?”

ಕೂಸಿನ ತಾಯಿ ಮೌನಮ್ಮ ಅತ್ತೆಯ ಮುಖ ನೋಡಿದಳು. ಗುಳಿಗೆಯ ಪೊಟ್ಟಣ ತೆಗೆದುಕೊಂಡು ಇಬ್ಬರೂ ಎದ್ದು ಹೋದರು. ಎರಡು ದಿನ ಬಿಟ್ಟು ಬಂದು ತೋರಿಸಿ ಎಂದರೆ ಬರಲೇ ಇಲ್ಲ.

ಡಾಕ್ಟರಮ್ಮ ತಾವೇ ಬಸ್ಸು ಹತ್ತಿ ದೋರನಹಳ್ಳಿಗೆ ಹೋದರು. ಕೂಸಿನ ತಂದೆ ಸಾಬಣ್ಣ ಭತ್ತದ ನಾಟಿಗೆ ಹೋಗಿದ್ದ. ಹಣಮಮ್ಮ ಚಾಪೆ ಹಾಸಿ, ನೀರು ಕೊಟ್ಟು, ನೆಟ್ಟಗೆ ಹೇಳಿದಳು: “ಗುಳಗಿ ಗ್ವಾಡಿ ಮಾಡದಾಗ ಇಟ್ಟೀನ್ರಿ. ದೊಡ್ಡಾಕಿ ಆದಮ್ಯಾಲ ಕೊಡ್ತೀವಿ. ಹಸುಗೂಸಿನ ಹೊಟ್ಟಿಗಿ ಇಂಥಾವು ತಡಿಯಂಗಿಲ್ಲ.”

ಹೇಳುವುದನ್ನೆಲ್ಲ ಖುರ್ಷೀದಬೇಗಂ ಮೊದಲೇ ಹೇಳಿ ಮುಗಿಸಿದ್ದರು. ಅದನ್ನೇ ಇನ್ನೊಮ್ಮೆ ಹೇಳಿದರು. ಆಗ ಮೌನಮ್ಮ ಬಾಗಿಲ ಮರೆಯಿಂದ ಕೇಳಿದಳು: “ಖರೇನ ಮೆದುಳು ಬೆಳೆಯಂಗಿಲ್ಲೇನ್ರಿ?”

ಡಾಕ್ಟರಮ್ಮ ಚಾಪೆಯಿಂದ ಎದ್ದರು. ಆಮೇಲೆ ಹಣಮಮ್ಮನಿಗೆ ಹೇಳಿದರು: “ನಾಳಿ ಸೊಸಿನ್ನ, ಕೂಸಿನ್ನ ಕರಕೊಂಡು ಬರ್ರಿ.”

“ದವಾಖಾನಿಗೇನ್ರಿ?”

“ಅಲ್ಲ. ನಮ್ಮ ಮನಿಗಿ.”

ತಿರುಗಿ ಬರುವಾಗ ಬಸ್ಸಿನಲ್ಲಿ ಅವರಿಗೆ ತಾಯಿಯ ನೆನಪಾಯಿತು. ಸಾಯುವ ಮುಂಚೆ ತಾಯಿ ಕೈ ಹಿಡಿದು ಒಂದೇ ಮಾತು ಕೇಳಿದ್ದಳು, ತಂಗಿ ಚಾಂದಬೀಯನ್ನು ಮಂದಿಯ ನಗೆಗೆ ಕೊಡಬೇಡ ಎಂದು. ಆ ಮಾತಿಗೆ ಕಟ್ಟುಬಿದ್ದು ಅವರು ಬಾಗಿಲು ಮುಚ್ಚಿದ್ದರು. ಗೆಳತಿಯರು ದೂರಾಗಿದ್ದರು, ಬಂದ ಸಂಬಂಧಗಳು ತಪ್ಪಿದ್ದವು. ಯಾಕೆಂದು ಅವರು ಯಾರಿಗೂ ಹೇಳಿರಲಿಲ್ಲ.

ಮರುದಿನ ಅತ್ತೆ ಸೊಸೆ ಬಂದರು. ಒಳಗೆ ಚಾಪೆಯ ಮೇಲೆ ಒಬ್ಬ ಹೆಂಗಸು ಬಳೆಗಳನ್ನು ಸಾಲಾಗಿ ಜೋಡಿಸುತ್ತ ಕುಳಿತಿದ್ದಳು. ಎತ್ತರ ಸಣ್ಣ ಹುಡುಗಿಯಷ್ಟು, ಮುಖ ನಡುವಯಸ್ಸಿನವಳದು. ದಪ್ಪ ನಾಲಿಗೆ ತುಟಿಯಾಚೆ ಬಂದಿತ್ತು.

“ಈಕಿ ಚಾಂದಬೀ, ನನ್ನ ತಂಗಿ” ಎಂದರು ಡಾಕ್ಟರಮ್ಮ. “ಹಸುಗೂಸಿದ್ದಾಗ ಈಕಿನೂ ಅಳ್ತಿದ್ದಿಲ್ಲ. ನಮ್ಮ ಅಮ್ಮಾನೂ ನಿಮ್ಮಂಗ ಶ್ಯಾಣ್ಯಾಕಿ ಅಂತ ಓಣಿ ತುಂಬ ಹೇಳ್ಕೊಂಡು ತಿರಗತಿದ್ಲು. ನಾ ಡಾಕ್ಟರಕಿ ಓದಾಕ ಹೋದಾಗ ಈಕಿ ಜಡ್ಡಿನ ಹೆಸರು ಗೊತ್ತಾತು. ಓಡಿ ಬಂದು ಗುಳಗಿ ಕೊಟ್ಟೆ. ಮೈ ಒಂಚೂರು ಸುಧಾರಿಸ್ತು. ಬುದ್ಧಿ ಬೆಳೀಲಿಲ್ಲ. ಹೊತ್ತು ಮೀರಿತ್ತು.”

ಚಾಂದಬೀ ಕೂಸನ್ನು ಕಂಡು ಹತ್ತಿರ ಸರಿದಳು. ಅದರ ಪಾದ ಮುಟ್ಟಿ, “ಆಪಾ, ಮುನ್ನಿ” ಎಂದು ಪುಟ್ಟಿಯನ್ನು ಅಕ್ಕನಿಗೆ ತೋರಿಸಿ ಒರಟು ದನಿಯಲ್ಲಿ ನಕ್ಕಳು. ಜೊಲ್ಲು ಗದ್ದಕ್ಕೆ ಇಳಿಯಿತು. ಡಾಕ್ಟರಮ್ಮ ಬಟ್ಟೆಗೆ ಕೈ ಚಾಚುವುದರೊಳಗೆ ಹಣಮಮ್ಮ ಮುಂದೆ ಬಾಗಿ ತನ್ನ ಸೆರಗಿನಿಂದ ಒರೆಸಿದಳು. ತಾಯಿ ಹೋದ ಮೇಲೆ ಆ ಮುಖವನ್ನು ಅಕ್ಕನದಲ್ಲದ ಕೈ ಮುಟ್ಟಿದ್ದು ಅದೇ ಮೊದಲು. ಖುರ್ಷೀದಬೇಗಂ ಕಿಟಕಿಯ ಕಡೆ ತಿರುಗಿ ನಿಂತರು.

“ಗುಳಗಿ ಹೆಂಗ ಕೊಡಬೇಕು, ಇನ್ನೊಮ್ಮಿ ಹೇಳ್ರಿ” ಎಂದಳು ಹಣಮಮ್ಮ.

ಡಾಕ್ಟರಮ್ಮ ಚಮಚದಲ್ಲಿ ಗುಳಿಗೆ ಪುಡಿ ಮಾಡಿ, ಎದೆಹಾಲು ಬೆರೆಸುವುದನ್ನು ತೋರಿಸಿದರು. ಮೌನಮ್ಮ ಅಲ್ಲೇ ಮೊದಲ ಸಲ ಕುಡಿಸಿದಳು.

“ಎಷ್ಟು ದಿನ ಕೊಡಬೇಕ್ರಿ?”

“ದಿನಾ ಒಂದೇ ಹೊತ್ತಿಗೆ, ತಪ್ಪಿಸದಂಗ ಕೊಡ್ರಿ. ದೊಡ್ಡಾಕಿ ಆದಮ್ಯಾಲೂ ಬೇಕಾಗ್ತದ. ನಡುನಡುವ ರಕ್ತ ನೋಡಿ ನಾ ಹೆಚ್ಚುಕಡಿಮಿ ಮಾಡ್ತೀನಿ. ನೀವಾಗೇ ಬಿಡಬ್ಯಾಡ್ರಿ.”

ಕೆಲವು ವಾರಗಳಲ್ಲಿ ಕೂಸು ಕಣ್ಣರಳಿಸಿ ನೋಡತೊಡಗಿತು, ಹಸಿದರೆ ಗಟ್ಟಿಯಾಗಿ ಅಳತೊಡಗಿತು. ಶೇಖಮ್ಮ ಎಂದು ಹೆಸರಿಟ್ಟರು. ಹಣಮಮ್ಮ ಹೊಲಕ್ಕೆ ಹೋದಲ್ಲಿ, ನೀರಿಗೆ ಹೋದಲ್ಲಿ, ಬಾಣಂತಿಯರಿದ್ದ ಮನೆಗಳಲ್ಲಿ ಚಾಂದಬೀಯ ಕಥೆ ಹೇಳಿದಳು. ಯಾರೂ ನಗಲಿಲ್ಲ. ಸುರಪುರ, ರಾಮಸಮುದ್ರದ ಕಡೆಯಿಂದಲೂ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದು ತಾವಾಗಿ ಕೇಳಿದರು: “ನಮ್ಮದರ ರಕ್ತಾನೂ ನೋಡ್ರಿ.”

ಶೇಖಮ್ಮ ಪುಸ್ತಕ ಹಿಡಿದು ಶಾಲೆಗೆ ಹೋಗತೊಡಗಿದ ವರ್ಷ ಚಾಂದಬೀ ತೀರಿಕೊಂಡಳು. ದೋರನಹಳ್ಳಿಯಿಂದ ಹೆಂಗಸರು ಬಂದು ಸಂಜೆತನಕ ಡಾಕ್ಟರಮ್ಮನ ಮಗ್ಗುಲಲ್ಲಿ ಕುಳಿತು ಹೋದರು. ಅವರು ಹೋದ ಮೇಲೆ ಖುರ್ಷೀದಬೇಗಂ ಮರೆತು ಎರಡು ತಟ್ಟೆ ಹಾಕಿದರು. ಒಂದನ್ನು ತೊಳೆದಿಟ್ಟು, ಮರುದಿನ ಎಂದಿನಂತೆ ದವಾಖಾನೆಗೆ ಹೋದರು. ಅವರು ಉಳಿಸಿದ ಎಷ್ಟೋ ಮಕ್ಕಳಿಗೆ ಅವರ ಹೆಸರೂ ಗೊತ್ತಿಲ್ಲ. ಚೆನ್ನಾಗಿ ಬೆಳೆದ ಮಕ್ಕಳು ಡಾಕ್ಟರನ್ನು ನೆನೆಯುವುದಾದರೂ ಯಾಕೆ?

ಅಕ್ಕ ತಂಗಿಯರೇ, ಅತ್ತೆಯರೇ, ಅಪ್ಪಂದಿರೇ, ನಿಮ್ಮ ಮನೆಯಲ್ಲಿ ಹೆರಿಗೆಯಾದರೆ ಒಂದು ಮಾತು ಕೇಳಿ. ಎರಡು ದಿನ ಕಳೆದ ಮೇಲೆ, ಮೊದಲ ವಾರದೊಳಗೆ, ಕೂಸಿನ ಹಿಮ್ಮಡಿಯ ರಕ್ತ ಪರೀಕ್ಷೆ ಮಾಡಿಸಿ. ಆ ದವಾಖಾನೆಯಲ್ಲಿ ಇಲ್ಲದಿದ್ದರೆ ಎಲ್ಲಿ ಮಾಡುತ್ತಾರೆಂದು ನರ್ಸನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ವರದಿ ಏನಾಯಿತೆಂದು ಬೆನ್ನುಹತ್ತಿ ತಿಳಿದುಕೊಳ್ಳಿ. ಗುಳಿಗೆ ಕೊಟ್ಟರೆ ಅಂದೇ ಶುರು ಮಾಡಿ. ಸೂಜಿಯ ನೋವು ಒಂದು ಗಳಿಗೆಯದು. ತನಗೆ ಏನು ಬೇಕೆಂದು ಕೂಸು ಹೇಳಲಾರದು. ಅದರ ಪರವಾಗಿ ನೀವು ಬಾಯಿ ಬಿಟ್ಟು ಕೇಳಿ.