ಉಳಿದ ಐದು ಬೆರಳು

"ಏನಮ್ಮಾ ಇದು, ಕೈಯೋ ಸೌಟೋ? ಒಂದು ಗೆರೆನೂ ಬೀಳ್ತಿಲ್ಲ. ಒರೆಸ್ಕೊಂಡು ಒತ್ತು!"

ವೀಸಾ ಕಚೇರಿಯ ಗುಮಾಸ್ತ ಅವಳ ಹೆಬ್ಬೆರಳನ್ನು ಗಾಜಿನ ಮೇಲಿಟ್ಟು ಅದುಮಿದ. ಪರದೆಯಲ್ಲಿ ಬೂದಿ ಬಣ್ಣದ ಮಚ್ಚೆಯೊಂದು ಮೂಡಿತು, ಅಷ್ಟೇ. ಸಾಲಿನಲ್ಲಿದ್ದವರು ಕಿಸಕ್ಕೆಂದರು.

"ಎರಡನೇ ಸಲ ಇದು. ಮುಂದಿನ ಸಲವೂ ಬರದಿದ್ರೆ ಫೈಲು ಮುಚ್ತೀವಿ. ಆಮೇಲೆ ಎರಡು ವರ್ಷ ಅರ್ಜಿ ಹಾಕೋ ಹಂಗಿಲ್ಲ. ಒಂದು ತಿಂಗಳು ಕೈ ಒಣಗಿಸ್ಕೊಂಡು ಬಾ."

ಹನ್ನೊಂದು ವರ್ಷದಿಂದ ಆ ಕೈ ಒಣಗಿದ್ದೇ ಇಲ್ಲ. ಆಸ್ಪತ್ರೆಗಳ ಚಾದರ ಒಗೆಯುವ ಕಾರ್ಖಾನೆಯಲ್ಲಿ, ರಕ್ತ ಕಚ್ಚಿದ ಬಟ್ಟೆಯನ್ನು ಬ್ಲೀಚಿನ ತೊಟ್ಟಿಯಲ್ಲಿ ತಿಕ್ಕುವುದು ಅವಳ ಕೆಲಸ. ಅಲ್ಲಿ ಬಾಯ್ಲರ್ ಕೂರಿಸಲು ಹೊರದೇಶದ ಫಿಟ್ಟರ್ ಒಬ್ಬ ಬಂದಿದ್ದ. ಎಂಟೇ ತಿಂಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದಂತಾಗಿ ನೋಂದಣಿ ಕಚೇರಿಯಲ್ಲಿ ಮದುವೆಯಾದರು. ಒಗೆಯುವ ಹೆಂಗಸರು ಅವನಿಗೆ ಬಾಯ್ಲರ್ ಅಳಿಯ ಎಂದೇ ಹೆಸರಿಟ್ಟರು. ಗುತ್ತಿಗೆ ಮುಗಿದು ಅವನು ತನ್ನ ದೇಶಕ್ಕೆ ಹೋಗಿ ಮೂರು ವರ್ಷ. ದಿನಾ ಫೋನಿನಲ್ಲಿ, ಕಲಿತ ನಾಲ್ಕು ಮಾತನ್ನು ಹೇಗೆಹೇಗೋ ಜೋಡಿಸಿ ಕೇಳುತ್ತಿದ್ದ: "ಬೆರಳು ಬಂತಾ ನೀನು?"

ಮರುದಿನ ಸೂಪರ್‌ವೈಸರ್ ಮುಂದೆ ನಿಂತಳು. "ಅಣ್ಣಾ, ಒಂದು ತಿಂಗಳು ಬಟ್ಟೆ ಮಡಚೋ ಕಡೆ ಹಾಕಿ. ಇಲ್ಲಾಂದ್ರೆ ಗ್ಲೌಸಾದ್ರೂ ಕೊಡ್ಸಿ."

"ಓಹೋ, ಮಹಾರಾಣಿಗೆ ಗ್ಲೌಸು! ಪರದೇಶದೋನ್ನ ಕಟ್ಕೊಂಡ ಮೇಲೆ ಕೈ ಮೆತ್ತಗಾಯ್ತೇನೇ? ತೊಟ್ಟಿಗಿಳಿ. ಇಲ್ಲಾ, ಗೇಟು ಅಲ್ಲಿದೆ, ತೊಲಗು."

ತೊಲಗುವಂತಿರಲಿಲ್ಲ. ಅವಳು ಕೆಲಸದಲ್ಲಿದ್ದಾಳೆಂದು ಇವನೇ ಕೊಟ್ಟ ಪತ್ರ ಅರ್ಜಿಯ ಜೊತೆಗಿತ್ತು. ಕೆಲಸ ಬಿಟ್ಟರೆ ಪತ್ರ ಸುಳ್ಳಾಗುತ್ತಿತ್ತು, ಮಾಡಿದರೆ ಬೆರಳಿನ ಗೆರೆ ಅಳಿಯುತ್ತಿತ್ತು.

ಜೊತೆಗೆ ತಿಕ್ಕುವ ಮುದುಕಿ ಪಿಸುಗುಟ್ಟಿದಳು: "ಬಲಗೈಗೆ ಪ್ಲಾಸ್ಟಿಕ್ ಸುತ್ತಿ ಮೇಲಿಟ್ಕೊಳೇ. ಎಡಗೈಲಿ ತಿಕ್ಕು. ಮಿಕ್ಕಿದ್ದು ನಾನು ನೋಡ್ಕೋತೀನಿ. ಆ ಬೋಳಿಮಗ ಎಣಿಸೋದು ಚಾದರಾನ, ಕೈಯನ್ನಲ್ಲ."

ಇಡೀ ತಿಂಗಳು ಎಡಗೈ ಇಬ್ಬರಷ್ಟು ದುಡಿಯಿತು. ತೊಗಲು ಸುಲಿದು, ಬಿರಿದು, ಕೀವಾಯಿತು. ಬಲಗೈಗೆ ಮಾತ್ರ ಎಣ್ಣೆ ಸವರಿ, ಎಳೆಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಮಲಗುತ್ತಿದ್ದಳು.

ಮೂರನೇ ಸಲ ಹೆಬ್ಬೆರಳೊತ್ತಿದಾಗ ಪರದೆಯ ಮೇಲೆ ಗೆರೆ ಮೂಡಿತು. ಒಂದರ ಹಿಂದೊಂದು ಐದೂ ಬಂದವು.

"ಹ್ಞೂಂ, ಈಗ ಎಡಗೈ."

"ಎಡಗೈಯಾ?"

"ಮತ್ತೆ? ಹತ್ತೂ ಬೇಕು. ಒಂದು ಕೈ ಸಾಕು ಅನ್ನೋಕೆ ಇದೇನು ಭವಿಷ್ಯ ಹೇಳೋ ಅಂಗಡಿನಾ?"

ಹಿಂದಿನೆರಡು ಸಲ ಮೊದಲ ಬೆರಳೇ ದಾಟಿರಲಿಲ್ಲ. ಉಳಿದದ್ದನ್ನು ಯಾರೂ ಹೇಳಿರಲಿಲ್ಲ. ಸೆರಗಿನೊಳಗಿಂದ ಎಡಗೈ ತೆಗೆದಳು. ಗುಮಾಸ್ತ ಮೂಗು ಮುಚ್ಚಿಕೊಂಡ.

"ಥೂ! ಗಾಜು ಮುಟ್ಟಬೇಡ. ಏಳು, ನಿನ್ನ ಫೈಲು ಮುಚ್ಚಿದ್ವಿ. ಮುಂದಿನೋರು ಬನ್ನಿ."

ಅವಳು ಏಳಲಿಲ್ಲ. ಎಡಗೈಯನ್ನು ಗಾಜಿನ ಮೇಲೆ ಅಗಲವಾಗಿ ಊರಿದಳು.

"ತಗೋಳ್ಳಿ. ಏನು ಬೀಳುತ್ತೋ ಅದನ್ನೇ ಬರ್ಕೊಳ್ಳಿ."

"ಗಾರ್ಡ್! ಇವಳನ್ನ ಎಳೀರಿ ಆಚೆಗೆ!"

ಗಾರ್ಡು ತೋಳು ಹಿಡಿದು ಜಗ್ಗಿದ. ಅವಳು ಕುರ್ಚಿಯ ಕಾಲಿಗೆ ಪಾದ ಸಿಕ್ಕಿಸಿ, ಇನ್ನಷ್ಟು ಬಲವಾಗಿ ಅದುಮಿದಳು. ಸಾಲಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಅಂಗೈಯಡಿ ರಕ್ತ ಹರಡಿತು. ಯಂತ್ರ ಕೆಂಪು ದೀಪ ಮಿನುಗಿಸುತ್ತ, ಬೆರಳು ಸರಿಯಾಗಿಡಿ, ಬೆರಳು ಸರಿಯಾಗಿಡಿ ಎಂದು ಒಂದೇ ಸಮನೆ ಹೇಳುತ್ತಿತ್ತು.